ಉಣ್ಣದ ಊಟಕ್ಕೂ ಬಿಲ್ಲು

ಡಿಸೆಂಬರ್ ಕೊನೆಯ ವಾರಕ್ಕೆ ಥಾಯ್ಲೆಂಡಿನ ಫುಕೆಟ್‌ನಲ್ಲೋ ಕ್ರಾಬಿಯಲ್ಲೋ ರೂಮು ಹುಡುಕುವವರಿಗೆ ಮೊದಲು ಕಾಣುವುದು ದಪ್ಪಕ್ಷರದ ಬಾಡಿಗೆ. ಸೀಸನ್ ಆದ್ದರಿಂದ ಅದೇ ಮಾಮೂಲಿಗಿಂತ ದುಬಾರಿ. ಮನಸ್ಸು ಗಟ್ಟಿ ಮಾಡಿಕೊಂಡು ದುಡ್ಡು ಕಟ್ಟಿದವರಲ್ಲಿ ಎಷ್ಟೋ ಮಂದಿ ಪುಟದ ತಳದಲ್ಲಿದ್ದ ಸಣ್ಣಕ್ಷರದ ಸಾಲನ್ನು ಓದಿರುವುದಿಲ್ಲ: ಡಿಸೆಂಬರ್ 24 ಮತ್ತು 31ರ ರಾತ್ರಿ ತಂಗುವವರೆಲ್ಲರಿಗೂ ಗಾಲಾ ಡಿನ್ನರ್ ಕಡ್ಡಾಯ, ತಲೆಗೆ ಇಷ್ಟು, ಹೋಟೆಲಿನಲ್ಲೇ ಪಾವತಿಸತಕ್ಕದ್ದು. ಆ ಸಾಲಿನ ಪರಿಚಯವಾಗುವುದು ಚೆಕ್-ಇನ್ ಕೌಂಟರಿನಲ್ಲಿ, ಪಾಸ್‌ಪೋರ್ಟ್ ಕೊಟ್ಟು ಕೀ ಕಾರ್ಡಿಗೆ ಕೈಚಾಚಿದಾಗ.

ಇದು ಒಂದು ಊರಿನ, ಒಂದು ಹೋಟೆಲಿನ ಕಥೆಯಲ್ಲ. ಮಾಲ್ಡೀವ್ಸ್, ಬಾಲಿ, ಶ್ರೀಲಂಕಾ, ವಿಯೆಟ್ನಾಂ, ಈಜಿಪ್ಟಿನ ಕೆಂಪು ಸಮುದ್ರದ ದಂಡೆ, ಹೀಗೆ ಎಲ್ಲೆಲ್ಲಿ ಕಡಲತೀರದ ರೆಸಾರ್ಟುಗಳಿವೆಯೋ ಅಲ್ಲೆಲ್ಲ ಕ್ರಿಸ್ಮಸ್ ಮತ್ತು ಹೊಸ ವರ್ಷದ ಮುನ್ನಾದಿನಗಳಂದು ಈ ಪದ್ಧತಿ ಬೇರೂರಿದೆ. ಕರ್ನಾಟಕದವರಿಗೂ ಇದು ದೂರದ ಸಂಗತಿಯಾಗಿ ಉಳಿದಿಲ್ಲ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್ ಭಾರತೀಯರಿಗೆ ವೀಸಾ ಬೇಡವೆಂದಿತು. 2024ರಲ್ಲಿ ಅಲ್ಲಿಗೆ ಹೋದ ಭಾರತೀಯರ ಸಂಖ್ಯೆ 20 ಲಕ್ಷ ದಾಟಿತು. ಬೆಂಗಳೂರಿನಿಂದ ಬ್ಯಾಂಕಾಕ್, ಮಾಲೆ, ಬಾಲಿಗಳಿಗೆ ನೇರ ವಿಮಾನಗಳಿವೆ. ಶಾಲೆಯ ಕ್ರಿಸ್ಮಸ್ ರಜೆ, ಆಫೀಸಿನಲ್ಲಿ ಉಳಿದ ರಜೆ ಎರಡೂ ಕೂಡಿಬರುವುದು ಆ ವಾರದಲ್ಲೇ.

ಕೊಡಗು, ಚಿಕ್ಕಮಗಳೂರಿನ ಹಲವು ರೆಸಾರ್ಟುಗಳು ಕೂಡ ಡಿಸೆಂಬರ್ 31ಕ್ಕೆ ಪ್ಯಾಕೇಜ್ ಇಲ್ಲದೆ ಬರೀ ರೂಮು ಕೊಡುವುದಿಲ್ಲ. ಆದರೆ ಅಲ್ಲಿ ಫೋನಿನಲ್ಲೇ ಪೂರ್ತಿ ಮೊತ್ತ ತಿಳಿಯುತ್ತದೆ, ಒಪ್ಪಿಗೆಯಾಗದಿದ್ದರೆ ಬೇರೆ ಕಡೆ ವಿಚಾರಿಸಬಹುದು. ವಿಮಾನದ ಟಿಕೆಟ್ ಕೊಂಡು, ರದ್ದು ಮಾಡಿದರೆ ಹಣ ವಾಪಸಾಗದ ರೂಮು ಹಿಡಿದು ಕಡಲಾಚೆ ಇಳಿದವರಿಗೆ ಆ ಅವಕಾಶವಿಲ್ಲ.

ಮೊತ್ತವೂ ಸಣ್ಣದಲ್ಲ. ಒಂದು ಹೋಟೆಲು ತಲೆಗೆ 5,000 ಬಾತ್ ‘ಪ್ಲಸ್ ಪ್ಲಸ್’ ಎಂದು ನಮೂದಿಸಿದೆ ಎಂದಿಟ್ಟುಕೊಳ್ಳೋಣ. ಮೊದಲ ಪ್ಲಸ್ ಶೇ 10ರ ಸೇವಾ ಶುಲ್ಕ, ಎರಡನೆಯದು ಅದೂ ಸೇರಿದ ಮೊತ್ತದ ಮೇಲೆ ಶೇ 7ರ ವ್ಯಾಟ್. ಎರಡೂ ಸೇರಿದಾಗ 5,885 ಬಾತ್. ಗಂಡ, ಹೆಂಡತಿ, ಅರ್ಧ ದರದ ಒಂದು ಮಗು ಇದ್ದರೆ ಒಟ್ಟು 14,700 ಬಾತ್ ಮೀರುತ್ತದೆ. ಈಚಿನ ವಿನಿಮಯ ದರದಲ್ಲಿ ಸುಮಾರು 40 ಸಾವಿರ ರೂಪಾಯಿ, ಒಂದು ರಾತ್ರಿಯ ಊಟಕ್ಕೆ. ಬಾಲಿಯಲ್ಲಿ ಸೇವಾ ಶುಲ್ಕ, ತೆರಿಗೆ ಸೇರಿ ಸಾಮಾನ್ಯವಾಗಿ ಶೇ 21 ಏರುತ್ತದೆ. ಮಾಲ್ಡೀವ್ಸ್‌ನಲ್ಲಿ 2025ರ ಜುಲೈಯಿಂದ ಪ್ರವಾಸೋದ್ಯಮದ ಜಿಎಸ್‌ಟಿ ಶೇ 17. ಶೇ 10ರ ಸೇವಾ ಶುಲ್ಕದ ಮೇಲೆ ಅದನ್ನೂ ಹಾಕಿದರೆ 200 ಡಾಲರಿನ ಊಟ 257 ಡಾಲರ್ ಆಗುತ್ತದೆ. ಪಾನೀಯದ ಲೆಕ್ಕ ಎಷ್ಟೋ ಕಡೆ ಬೇರೆ.

ಅಷ್ಟು ತೆತ್ತವರಿಗೆ ಸಿಗುವುದೇನು? ಸಮುದ್ರ ದಂಡೆಯಲ್ಲಿ ಬೆಳಕಿನ ಸರ, ಮೀನು, ಸೀಗಡಿ, ಕುರಿಮಾಂಸದ ಬಫೆ, ಬ್ಯಾಂಡು, ನೃತ್ಯ, ನಡುರಾತ್ರಿ ಪಟಾಕಿ. ಇಷ್ಟಪಟ್ಟು ಹೋದವರಿಗೆ ಅದು ನೆನಪಿನಲ್ಲಿ ಉಳಿಯುವ ರಾತ್ರಿಯೇ. ಆದರೆ ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದ ಮನೆಯ ಹಿರಿಯರು ಆ ಬಫೆಯಲ್ಲಿ ಹಣ್ಣು, ಬ್ರೆಡ್ಡು, ಸಲಾಡ್ ಹುಡುಕಿಕೊಂಡು ಅದೇ ದರ ತೆರುತ್ತಾರೆ. ಒಂಬತ್ತು ಗಂಟೆಗೇ ನಿದ್ದೆಗೆ ಜಾರುವ ಮಗುವಿಗೂ ಟಿಕೆಟ್. ರಾತ್ರಿ ಹತ್ತೂವರೆಯ ವಿಮಾನದಲ್ಲಿ ಇಳಿದು, ಬಫೆ ಮುಚ್ಚಿದ ಮೇಲೆ ಹೋಟೆಲ್ ತಲುಪುವವರಿಂದಲೂ ವಸೂಲಿ. ದಿನದ ಊಟ ಸೇರಿದ ಹಾಫ್ ಬೋರ್ಡ್ ದರ ಮೊದಲೇ ಕಟ್ಟಿದವರಿಗೂ ಹಲವು ರೆಸಾರ್ಟುಗಳಲ್ಲಿ ಹೆಚ್ಚುವರಿ ಶುಲ್ಕ ತಪ್ಪಿದ್ದಲ್ಲ. ಹೋಟೆಲ್ ಸರಣಿಯ ಪಾಯಿಂಟ್‌ಗಳಿಂದ ‘ಉಚಿತ’ ರೂಮು ಪಡೆದವರೂ ಇದರಿಂದ ಪಾರಾಗುವುದು ಅಪರೂಪ.

ಹೋಟೆಲಿನವರ ವಾದವನ್ನೂ ಕೇಳಬೇಕು. ಮದುವೆ ಮನೆಯ ಅಡುಗೆ ಭಟ್ಟರಿಗೆ ಎಲೆಯ ಲೆಕ್ಕ ಮೊದಲೇ ಬೇಕಾಗುವಂತೆ ಹಬ್ಬದ ರಾತ್ರಿಯ ಅಡುಗೆಮನೆಗೂ ತಲೆಲೆಕ್ಕ ಬೇಕು. ಬ್ಯಾಂಡಿನವರಿಗೆ, ಪಟಾಕಿಯವರಿಗೆ ವಾರಗಳ ಮುಂಚೆ ಮುಂಗಡ ಕೊಡಬೇಕು. ಹಬ್ಬದ ದಿನ ದುಡಿಯುವ ಸಿಬ್ಬಂದಿಗೆ ಹೆಚ್ಚು ಕೂಲಿ ಕೊಡಬೇಕು. ಇಡೀ ಸಿಬ್ಬಂದಿ ದಂಡೆಯ ಮೇಲಿರುವಾಗ ಎಂದಿನ ರೆಸ್ಟೊರೆಂಟನ್ನು ತೆರೆದಿಡುವುದೂ ಕಷ್ಟ. ಮಾಲ್ಡೀವ್ಸ್‌ನಲ್ಲಂತೂ ಒಂದು ದ್ವೀಪಕ್ಕೆ ಒಂದೇ ರೆಸಾರ್ಟು; ತರಕಾರಿಯೂ ಸೇರಿ ಅಡುಗೆಯ ಬಹುಪಾಲು ಸಾಮಗ್ರಿ ಹೊರಗಿನಿಂದಲೇ ಬರಬೇಕು. ಇದೆಲ್ಲ ನಿಜವಾದ ಖರ್ಚು.

ಆದರೆ ಖರ್ಚು ನಿಜವೆಂಬುದು ಅದನ್ನು ಬಚ್ಚಿಡಲು ಕಾರಣವಾಗದು. ಬೇಡ ಎನ್ನುವ ಹಕ್ಕಿಲ್ಲದ ಊಟ ಲೆಕ್ಕದ ದೃಷ್ಟಿಯಿಂದ ಊಟವೇ ಅಲ್ಲ, ಆ ರಾತ್ರಿಯ ಬಾಡಿಗೆಯ ಇನ್ನೊಂದು ಭಾಗ. ಈಜುಕೊಳದ ನಿರ್ವಹಣೆ, ಲಾಬಿಯ ದೀಪದ ಖರ್ಚನ್ನೆಲ್ಲ ಬಾಡಿಗೆಯೊಳಗೇ ಸೇರಿಸುವ ಹೋಟೆಲಿಗೆ ಇದೊಂದನ್ನು ಸೇರಿಸಲು ಬಾರದು ಎಂದರೆ ನಂಬುವುದು ಹೇಗೆ? ಊಟ ನಿಜಕ್ಕೂ ಅತಿಥಿಗಾಗಿಯೇ ಇದ್ದರೆ ಟಿಕೆಟ್ ಮಾರಲಿ, ಬಯಸಿದವರು ಕೊಳ್ಳಲಿ. ಎಲ್ಲರೂ ಕೊಡಲೇಬೇಕು ಎಂದಾದರೆ ಮೊದಲ ಪುಟದ ದಪ್ಪಕ್ಷರದ ದರದಲ್ಲೇ ಅದು ಕಾಣಲಿ.

ಹೋಟೆಲುಗಳು ಹಾಗೇಕೆ ಮಾಡುವುದಿಲ್ಲ ಎಂಬುದಕ್ಕೆ ಬುಕಿಂಗ್ ತಾಣಗಳ ರಚನೆಯಲ್ಲೇ ಉತ್ತರವಿದೆ. ಪ್ರವಾಸಿಗರು ಅಗ್ಗದಿಂದ ದುಬಾರಿಗೆ ಎಂದು ಪಟ್ಟಿ ಜೋಡಿಸಿ ನೋಡುತ್ತಾರೆ. ಊಟದ ಹಣವನ್ನು ಬಾಡಿಗೆಗೆ ಸೇರಿಸಿದ ಪ್ರಾಮಾಣಿಕ ಹೋಟೆಲು ಪಟ್ಟಿಯಲ್ಲಿ ಕೆಳಗಿಳಿಯುತ್ತದೆ. ಅಷ್ಟೇ ಹಣವನ್ನು ಕೌಂಟರಿನಲ್ಲಿ ಕೀಳುವ ಪಕ್ಕದ ಹೋಟೆಲು ಮೇಲೇರುತ್ತದೆ. ಕಮಿಷನ್ನಿನ ಆಕರ್ಷಣೆಯೂ ಇದೆ. ತಾಣಕ್ಕೆ ಕೊಡಬೇಕಾದ ಪಾಲು ಬಾಡಿಗೆಯ ಮೇಲೆ ನಿಗದಿಯಾಗಿದ್ದರೆ, ಬಾಡಿಗೆಯ ಹೊರಗೆ ಸಂಗ್ರಹಿಸಿದ್ದೆಲ್ಲ ಹೋಟೆಲಿಗೇ ಉಳಿಯುತ್ತದೆ. ಬುಕಿಂಗ್.ಕಾಮ್ 2019ರಲ್ಲಿ ರೆಸಾರ್ಟ್ ಶುಲ್ಕದಂಥ ಕಡ್ಡಾಯ ವಸೂಲಿಗಳ ಮೇಲೂ ಕಮಿಷನ್ ಹಾಕುವುದಾಗಿ ಪ್ರಕಟಿಸಿದ್ದು ಈ ಜಾಡು ಹಿಡಿದೇ. ಹೀಗಾಗಿ ಒಬ್ಬ ಹೋಟೆಲ್ ಮಾಲೀಕನ ಒಳ್ಳೆಯತನದಿಂದ ಇದು ಸರಿಹೋಗುವುದಿಲ್ಲ. ಎಲ್ಲರಿಗೂ ಒಂದೇ ನಿಯಮ ಬೇಕು.

ಅಂಥ ನಿಯಮ ಅಸಾಧ್ಯವೇನಲ್ಲ. ಯೂರೋಪಿನಲ್ಲಿ ವಿಮಾನ ಟಿಕೆಟ್ಟಿನ ದರ ತೋರಿಸುವಾಗ ತಪ್ಪಿಸಿಕೊಳ್ಳಲಾಗದ ಎಲ್ಲ ಶುಲ್ಕ, ತೆರಿಗೆ ಸೇರಿಸಿಯೇ ತೋರಿಸಬೇಕೆಂದು 2008ರಲ್ಲೇ ಕಾನೂನಾಯಿತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2012ರಲ್ಲಿ 22 ಹೋಟೆಲ್ ಸಂಸ್ಥೆಗಳಿಗೆ ರೆಸಾರ್ಟ್ ಶುಲ್ಕದ ಬಗ್ಗೆ ಎಚ್ಚರಿಕೆ ಪತ್ರ ಕಳಿಸಿತ್ತು. ಪತ್ರದಿಂದ ಪದ್ಧತಿ ನಿಲ್ಲಲಿಲ್ಲ. ಕೊನೆಗೆ 2025ರ ಮೇ 12ರಿಂದ ಹೋಟೆಲು, ಅಲ್ಪಾವಧಿ ಬಾಡಿಗೆ ಮನೆಗಳ ಜಾಹೀರಾತಿನ ದರದಲ್ಲಿ ಕಡ್ಡಾಯ ಶುಲ್ಕಗಳು ಸೇರಿರಲೇಬೇಕೆಂಬ ನಿಯಮ ಜಾರಿಗೆ ಬಂತು. ಬ್ರಿಟನ್ ಅದೇ ವರ್ಷದ ಏಪ್ರಿಲ್ 6ರಿಂದ ಹನಿಹನಿಯಾಗಿ ದರ ಬಿಚ್ಚಿಡುವುದನ್ನು ನಿಷೇಧಿಸಿತು. ಈ ಎರಡೂ ಕಡೆ ಶುಲ್ಕ ಹಾಕಬೇಡಿ ಎಂದು ಯಾರೂ ಹೇಳಿಲ್ಲ. ಮೊದಲೇ ತೋರಿಸಿ ಎಂದಷ್ಟೇ ಹೇಳಿದ್ದಾರೆ.

ಭಾರತವೂ ಈ ದಾರಿಯಲ್ಲಿ ಕೆಲವು ಹೆಜ್ಜೆ ಇಟ್ಟಿದೆ. ರೆಸ್ಟೊರೆಂಟುಗಳು ಬಿಲ್ಲಿಗೆ ತಾವೇ ಸೇವಾ ಶುಲ್ಕ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯನ್ನು ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಅದೇ ಪ್ರಾಧಿಕಾರ 2023ರ ನವೆಂಬರ್ 30ರಂದು ಆನ್‌ಲೈನ್ ವಂಚನೆಯ 13 ವರಸೆಗಳನ್ನು ಇನ್ನೊಂದು ಮಾರ್ಗಸೂಚಿಯಲ್ಲಿ ಪಟ್ಟಿ ಮಾಡಿ ನಿಷೇಧಿಸಿತು. ದರದ ಒಂದು ಭಾಗವನ್ನು ಮೊದಲು ಮುಚ್ಚಿಟ್ಟು ಆಮೇಲೆ ಹೇಳುವುದು ಅದರಲ್ಲೊಂದು. ಭಾರತದಲ್ಲಿ ವ್ಯವಹರಿಸುವ ತಾಣಗಳಿಗೆಲ್ಲ ಆ ಮಾರ್ಗಸೂಚಿ ಅನ್ವಯ. ಇನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆಯ ಪ್ರಕಾರ ಒಂದು ಸೇವೆ ಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕೆಂಬ ಷರತ್ತು ‘ನಿರ್ಬಂಧಕ ವ್ಯಾಪಾರ ಪದ್ಧತಿ’.

ಫುಕೆಟ್‌ನ ಹೋಟೆಲ್ ಮಾಲೀಕನನ್ನು ಈ ಕಾಯ್ದೆ ಹಿಡಿದು ಬಗ್ಗಿಸಲಾಗದು. ಆದರೆ ಪ್ಯಾಕೇಜ್ ಮಾರಿದ ಮೆಜೆಸ್ಟಿಕ್ಕಿನ ಏಜೆಂಟೋ, ರೂಪಾಯಿಯಲ್ಲಿ ಹಣ ಪಡೆದ ಭಾರತೀಯ ತಾಣವೋ ಅದರ ಕೈಗೆ ಸಿಗುತ್ತಾರೆ. ಕೋಟೇಶನ್ನಿನಲ್ಲಿ ಗಾಲಾ ಡಿನ್ನರಿನ ಸುದ್ದಿ ಎತ್ತದೆ, ಟಿಕೆಟ್ ಕೈಗೆ ಬಂದ ಮೇಲೆ ‘ಅದು ಹೋಟೆಲಿನ ರೂಲ್ಸು ಸಾರ್’ ಎನ್ನುವುದು ಆ ಕಸುಬಿನಲ್ಲಿ ಸಾಮಾನ್ಯ. ಡಿಸೆಂಬರ್ 31ರಂದು ಅಲ್ಲಿ ಊಟ ಕಡ್ಡಾಯ ಎಂಬುದು ವರ್ಷವಿಡೀ ಅದೇ ಪ್ಯಾಕೇಜ್ ಮಾರುವವನಿಗೆ ಗೊತ್ತಿರಲಿಲ್ಲ ಎಂಬ ಮಾತು ಯಾವ ಆಯೋಗದ ಮುಂದೆಯೂ ನಿಲ್ಲಬಾರದು.

ಪ್ರವಾಸಿಗನ ಕೈಯಲ್ಲಿ ಬಲವಿರುವುದು ಹಣ ಕಟ್ಟುವ ಮುಂಚೆ ಮಾತ್ರ. ಡಿಸೆಂಬರ್ 24 ಅಥವಾ 31ರ ರಾತ್ರಿ ಸೇರುವುದಾದರೆ ಹೋಟೆಲಿಗೆ ನೇರವಾಗಿ ಒಂದು ಇಮೇಲ್ ಬರೆಯುವುದು ಮೊದಲ ಕೆಲಸ. ಊಟ ಕಡ್ಡಾಯವೇ, ತೆರಿಗೆಯೆಲ್ಲ ಸೇರಿ ತಲೆಗೆಷ್ಟು, ಮಕ್ಕಳಿಗೆ ಯಾವ ವಯಸ್ಸಿನವರೆಗೆ ವಿನಾಯಿತಿ, ತಡವಾಗಿ ಬರುವವರಿಗೆ ಹೇಗೆ, ಸಸ್ಯಾಹಾರಿಗಳಿಗೆ ಏನಿದೆ, ಹಾಫ್ ಬೋರ್ಡ್ ದರದಲ್ಲಿ ಇದು ಸೇರಿದೆಯೇ. ಉತ್ತರ ಬರಹದಲ್ಲಿರಬೇಕು, ಫೋನಿನ ಮಾತು ಕೌಂಟರಿನಲ್ಲಿ ನಡೆಯುವುದಿಲ್ಲ. ಇದೇ ಪತ್ರದಲ್ಲಿ ಚೌಕಾಸಿಗೂ ಜಾಗವಿದೆ. ಶುಲ್ಕ ಬಿಡದ ಹೋಟೆಲು ಕೂಡ ಅದರ ಬದಲು ಬೇರೆ ದಿನದ ಊಟಕ್ಕೋ ಸ್ಪಾಗೋ ಬಳಸಬಹುದಾದ ಕ್ರೆಡಿಟ್ ಕೊಡಲು, ಮಗುವಿನ ದರ ಬಿಡಲು, ತಡರಾತ್ರಿ ಬರುವವರಿಗೆ ರೂಮಿಗೇ ತಟ್ಟೆ ಕಳಿಸಲು ಒಪ್ಪಬಹುದು. ಕೇಳಿದರೆ ನಷ್ಟವಿಲ್ಲ.

ಜಾಗ ಬದಲಿಸುವುದು ಇನ್ನೊಂದು ಉಪಾಯ. ಈ ಕಡ್ಡಾಯ ಹೆಚ್ಚಾಗಿ ಕಾಣುವುದು ಕಡಲತೀರದ ರೆಸಾರ್ಟುಗಳಲ್ಲಿ. ಬ್ಯಾಂಕಾಕಿನಂಥ ನಗರದ ಹೋಟೆಲುಗಳಲ್ಲಿ ಕಡಿಮೆ. 31ನೆಯ ರಾತ್ರಿ ನಗರದಲ್ಲೋ ಅಪಾರ್ಟ್‌ಮೆಂಟಿನಲ್ಲೋ ಕಳೆದು ಜನವರಿ 1ರಂದು ರೆಸಾರ್ಟಿಗೆ ಹೋಗುವಂತೆ ದಿನಗಳನ್ನು ಹೊಂದಿಸಬಹುದು. ಮಾಲ್ಡೀವ್ಸ್‌ನಲ್ಲೂ ಜನವಸತಿಯಿರುವ ಮಾಫುಶಿಯಂಥ ದ್ವೀಪಗಳಲ್ಲಿ ಗೆಸ್ಟ್‌ಹೌಸ್‌ಗಳಿವೆ. ಅಲ್ಲಿ ಮದ್ಯ ಸಿಗದು, ಆದರೆ ಬೀದಿಗಿಳಿದರೆ ಬೇರೆ ಊಟದಂಗಡಿಗಳಿವೆ.

ಎಲ್ಲ ಎಚ್ಚರದ ನಂತರವೂ ಕೌಂಟರಿನಲ್ಲಿ ಹೊಸ ಶುಲ್ಕ ಎದುರಾದರೆ ಸಿಬ್ಬಂದಿಯ ಮೇಲೆ ಕೂಗಾಡಿ ಫಲವಿಲ್ಲ. ದರ ನಿಗದಿ ಮಾಡಿದವರು ಅವರಲ್ಲ. ಬುಕಿಂಗ್ ದೃಢೀಕರಣದ ಪ್ರತಿ ತೋರಿಸಿ, ಈ ಶುಲ್ಕ ಅದರಲ್ಲಿ ಎಲ್ಲಿದೆ ಎಂದು ಕೇಳಬೇಕು. ತಾಣದ ಸಹಾಯವಾಣಿಗೆ ಅಲ್ಲಿಂದಲೇ ಕರೆ ಮಾಡಬೇಕು. ಕಟ್ಟಲೇಬೇಕಾಗಿ ಬಂದರೆ ಆಕ್ಷೇಪಣೆಯನ್ನು ಬಿಲ್ಲಿನ ಮೇಲೆ ಬರೆದು, ಬಾಬ್ತುವಾರು ರಸೀದಿ ಪಡೆದು, ಕಾರ್ಡಿನಲ್ಲಿ ಸ್ಥಳೀಯ ಹಣದಲ್ಲೇ ಪಾವತಿಸಬೇಕು. ರೂಪಾಯಿಗೆ ಬದಲಿಸಿ ಕೊಡುವ ಯಂತ್ರದ ಸೌಜನ್ಯಕ್ಕೆ ಪ್ರತ್ಯೇಕ ಬೆಲೆಯಿದೆ. ಊರಿಗೆ ಮರಳಿದ ಮೇಲೆ ಬ್ಯಾಂಕಿನಲ್ಲಿ ತಕರಾರು ದಾಖಲಿಸಬಹುದು. ಮಾರಿದವರು ಭಾರತದವರಾದರೆ 1915 ಸಹಾಯವಾಣಿಗೆ ದೂರು ಕೊಟ್ಟು, ಬಗೆಹರಿಯದಿದ್ದರೆ ತಾವಿರುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಅಲ್ಲಿ ಅರ್ಜಿ ಶುಲ್ಕವಿಲ್ಲ. ಆದರೆ ಸಣ್ಣಕ್ಷರದಲ್ಲಿ ಮೊದಲೇ ನಮೂದಾಗಿದ್ದರೆ ಈ ಹಾದಿಗಳೆಲ್ಲ ಕಿರಿದಾಗುತ್ತವೆ ಎಂಬುದೂ ತಿಳಿದಿರಬೇಕು.

ಸಣ್ಣಕ್ಷರವನ್ನು ಓದುವ ಹೊಣೆಯನ್ನೆಲ್ಲ ಪ್ರವಾಸಿಗನ ತಲೆಗೆ ಕಟ್ಟುವುದು ನ್ಯಾಯವಲ್ಲ. 2025ರ ಜೂನ್‌ನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಎಲ್ಲ ಇ-ವಾಣಿಜ್ಯ ತಾಣಗಳಿಗೂ ತಮ್ಮಲ್ಲಿ ಇಂಥ ವರಸೆಗಳಿವೆಯೇ ಎಂದು ಮೂರು ತಿಂಗಳೊಳಗೆ ತಾವೇ ಪರಿಶೀಲಿಸಿಕೊಳ್ಳಲು ಸೂಚಿಸಿತ್ತು. ಪ್ರವಾಸದ ಬುಕಿಂಗ್ ತಾಣಗಳ ಮಟ್ಟಿಗೆ ಆ ಪರೀಕ್ಷೆ ಸುಲಭ. ಯಾವುದೇ ಕಡಲತೀರದ ರೆಸಾರ್ಟಿಗೆ ಡಿಸೆಂಬರ್ 30ರಿಂದ ಜನವರಿ 2ರವರೆಗೆ ದಿನಾಂಕ ಒತ್ತಿ ನೋಡಬೇಕು. ಮೊದಲ ಪುಟದಲ್ಲಿ ಕಾಣುವ ಮೊತ್ತ ಕೌಂಟರಿನದೂ ಸೇರಿ ಕೊಡಬೇಕಾದ ಒಟ್ಟು ಮೊತ್ತಕ್ಕೆ ಸಮನಾಗಿರದಿದ್ದರೆ ಆ ತಾಣಕ್ಕೆ ನೋಟಿಸ್ ಹೋಗಬೇಕು. ಹೊಸ ವರ್ಷದ ಬುಕಿಂಗ್ ಬಿರುಸಾಗುವ ಸೆಪ್ಟೆಂಬರ್ ಹೊತ್ತಿಗೇ ಆ ಕೆಲಸ ಮುಗಿದರೆ ಡಿಸೆಂಬರಿನಲ್ಲಿ ಹಾರುವವರಿಗೆ ಅದರಿಂದ ಪ್ರಯೋಜನ.