ಗುಡ್ಡದ ಮೇಲೆ ಮಕ್ಕಳ ಎಲೆ ಮೊದಲು ಬೀಳಲಿ

ಕೆಲವರಿಗೆ ಸಿಟ್ಟು ಬರಬಹುದು, ಆದರೂ ಹೇಳಲೇಬೇಕು. ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಟ್ರ್ಯಾಕ್ಟರ್ ಮಾಡಿಕೊಂಡು ಹೋಗುವ ನಮ್ಮ ಊರುಗಳ ಎಷ್ಟೋ ತಂಡಗಳು ಸಣ್ಣ ಮಕ್ಕಳನ್ನು ಹಸಿವಿನಲ್ಲಿ ಇಡುತ್ತವೆ. ಇದು ಬಡತನದ ಹಸಿವಲ್ಲ. ಟ್ರೇಲರ್ ತುಂಬ ಅಕ್ಕಿ, ಬೇಳೆ, ಬೆಲ್ಲ, ಹಿಟ್ಟು, ಎಣ್ಣೆ ಡಬ್ಬಿ ಇಟ್ಟುಕೊಂಡೇ ಮಕ್ಕಳನ್ನು ಕಾಯಿಸುತ್ತವೆ.

ಬನದ ಹುಣ್ಣಿಮೆ, ಭರತ ಹುಣ್ಣಿಮೆ ಹೊತ್ತಿಗೆ ಗುಡ್ಡದ ಬಯಲಿನಲ್ಲಿ ಒಂದು ದಿನ ನಿಂತು ನೋಡಿ. ನಾವು ವರದಿಗಾಗಿ ಬಿಡಾರದಿಂದ ಬಿಡಾರಕ್ಕೆ ಅಡ್ಡಾಡಿದವರು. ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ ವೇಳಾಪಟ್ಟಿ. ನಡುರಾತ್ರಿ ಊರು ಬಿಟ್ಟ ತಂಡ ನಸುಕಿನಲ್ಲಿ ಬಂದು ಇಳಿಯುತ್ತದೆ. ಜೋಗುಳಬಾವಿಯಲ್ಲೋ ಎಣ್ಣೆಹೊಂಡದಲ್ಲೋ ಸ್ನಾನ. ಆಮೇಲೆ ಜಾಗ ಹಿಡಿಯಬೇಕು, ತಾಡಪತ್ರಿ ಕಟ್ಟಬೇಕು, ಮೂರು ಕಲ್ಲು ಹೊಂದಿಸಿ ಒಲೆ ಹೂಡಬೇಕು. ಹೆಂಗಸರು ಬೇಳೆ ಬೇಯಿಸಿ, ಹೂರಣ ರುಬ್ಬಿ, ಹೋಳಿಗೆ, ಕಡುಬು, ಬದನೆಕಾಯಿ ಪಲ್ಯ, ಅನ್ನ, ಸಾರು ಮಾಡಿ ಮುಗಿಸುವ ಹೊತ್ತಿಗೆ ಸೂರ್ಯ ನೆತ್ತಿಗೆ ಬಂದಿರುತ್ತಾನೆ. ಪಡ್ಡಲಗಿ ತುಂಬಿಸಿ, ಉಧೋ ಉಧೋ ಎಂದು ನೈವೇದ್ಯ ಮಾಡಿ, ಹಿರಿಯರು ಪಾಳಿಯಲ್ಲಿ ನಿಂತು ದರ್ಶನ ಮುಗಿಸಿ ಬಂದು ಎಲೆ ಹಾಕಿದಾಗ ಮೂರು ಗಂಟೆ. ಕೆಲವು ಕಡೆ ನಾಲ್ಕು.

ಆ ಎಂಟು ತಾಸು ಮಗು ಏನು ತಿಂದಿತು? ಬೆಳಗ್ಗೆ ಚಹಾದಲ್ಲಿ ಅದ್ದಿದ ಎರಡು ಬಿಸ್ಕೀಟು. ಒಂಬತ್ತಕ್ಕೆ "ಯವ್ವಾ ಹಸಿವು" ಅಂದರೆ "ತಡೀಪಾ, ಇನ್ನೂ ನೈವೇದ್ಯ ಆಗಿಲ್ಲ" ಅನ್ನುವ ಉತ್ತರ. ಹತ್ತಕ್ಕೆ ಮತ್ತೆ ಅತ್ತರೆ ಕಾಕಾ ಕಿಸೆಯಿಂದ ಹತ್ತು ರೂಪಾಯಿ ತೆಗೆಯುತ್ತಾನೆ: "ಇಕಾ, ಏನರ ತಗೊಂಡು ತಿನ್ನು." ಕುರ್ಕುರೆ ಆಯಿತು, ಐಸ್‌ಕ್ಯಾಂಡಿ ಆಯಿತು, ಧೂಳಿನಲ್ಲಿ ಇಟ್ಟ ಮಿರ್ಚಿ ಭಜಿ ಆಯಿತು. ಮೂರಕ್ಕೆ ಎಲೆ ಬಿದ್ದಾಗ ಮಗು ಟ್ರೇಲರ್‌ ಕೆಳಗಿನ ನೆರಳಿನಲ್ಲಿ ನಿದ್ದೆ ಹೋಗಿರುತ್ತದೆ. ಎಬ್ಬಿಸಿದರೆ ಎರಡು ತುತ್ತು ತಿಂದು ಒಲ್ಲೆ ಅನ್ನುತ್ತದೆ. ರಾತ್ರಿ ಹೊಟ್ಟೆನೋವು, ವಾಂತಿ. ಆಗ "ಯಾರದೋ ದೃಷ್ಟಿ ತಾಗಿತು" ಎಂದು ಉಪ್ಪು ಇಳಿಸುತ್ತಾರೆ.

ಇದರ ಜೊತೆಗೆ ಇನ್ನೊಂದು ದಿನ ಇಟ್ಟು ನೋಡಿ. ಇದೇ ಮಗುವಿನ ಅಕ್ಕ ಊರಿನ ಸರಕಾರಿ ಶಾಲೆಗೆ ಹೋಗುತ್ತಾಳೆ. ಅಲ್ಲಿ ಮಧ್ಯಾಹ್ನದ ಗಂಟೆ ಹೊಡೆದ ಕೂಡಲೇ ತಾಟಿಗೆ ಬಿಸಿ ಅನ್ನ, ಸಾಂಬಾರು ಬೀಳುತ್ತದೆ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಶುರುವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದ ಅಕ್ಷರ ದಾಸೋಹ ಒಂದು ಸರಳ ಮಾತು ಹೇಳಿತು: ಹಸಿದ ಮಗುವಿಗೆ ಪಾಠ ಹತ್ತುವುದಿಲ್ಲ, ಮೊದಲು ಉಣಿಸಿ. ಸರಕಾರಿ ಅಡುಗೆಯ ಅಕ್ಕ ಹೊತ್ತಿಗೆ ಸರಿಯಾಗಿ ಉಣಿಸುತ್ತಾಳೆ. ಅಪ್ಪ, ಅವ್ವ, ಅಜ್ಜಿ, ಕಾಕಾ, ಅತ್ತಿ ಎಲ್ಲರೂ ಇರುವ ಬಿಡಾರದಲ್ಲಿ ಮಗು ಮೂರು ಗಂಟೆಯ ತನಕ ಉಪವಾಸ. ಇದಕ್ಕೆ ಏನು ಹೇಳೋಣ?

"ದೇವಿಗೆ ತೋರಿಸದೆ ಉಣ್ಣಬಾರದು" ಎಂಬುದು ಮೊದಲ ಉತ್ತರ. ಈ ಭಕ್ತಿಯನ್ನು ನಾವು ಹಗುರ ಮಾಡುವುದಿಲ್ಲ. ಆದರೆ ನಮ್ಮ ಮನೆಗಳಲ್ಲೇ ಇದಕ್ಕೆ ದಾರಿ ಇದೆ, ಅದರ ಹೆಸರು ಮೀಸಲು. ದೇವರ ಪಾಲನ್ನು ಮಡಿಯಿಂದ ಬೇರೆ ಪಾತ್ರೆಯಲ್ಲಿ ಮಾಡಿ ಯಾರೂ ಮುಟ್ಟದಂತೆ ಎತ್ತಿಡುವುದು ನಮಗೆ ಹೊಸದೇನಲ್ಲ. ಹೋಳಿಗೆ, ಕಡುಬು ಮೀಸಲಾಗಿರಲಿ. ಮಕ್ಕಳ ಹುಗ್ಗಿ ಬೇರೆ ಪಾತ್ರೆಯಲ್ಲಿ ಬೇಯಲಿ. ಏಕಾದಶಿ, ಸೋಮವಾರ ಹಿರಿಯರು ಉಪವಾಸ ಮಾಡುವಾಗಲೂ ಹಸುಗೂಸಿಗೆ, ಬಾಣಂತಿಗೆ ಯಾರು ಉಪವಾಸ ಹೇಳುತ್ತಾರೆ? ಮನೆಯಲ್ಲಿ ಇರುವ ವಿವೇಕ ಗುಡ್ಡ ಹತ್ತಿದ ಕೂಡಲೇ ಎಲ್ಲಿ ಹೋಗುತ್ತದೆ? ಅವಳನ್ನು ತಾಯಿ ಎಂದು ಕರೆಯುತ್ತೇವೆ. ಕೂಸು ಅಳುತ್ತಿರುವಾಗ ತನ್ನ ತಾಟು ಮೊದಲು ಬರಲಿ ಅನ್ನುವ ತಾಯಿಯನ್ನು ನಾವಂತೂ ಕಂಡಿಲ್ಲ.

"ನಾವೂ ಹೀಗೇ ಬೆಳೆದಿಲ್ಲೇನು?" ಎಂಬುದು ಎರಡನೇ ಉತ್ತರ. ಅಜ್ಜನ ಕಾಲದ ಚಕ್ಕಡಿ ಪಯಣದ ಬುತ್ತಿ ನೆನಪು ಮಾಡಿಕೊಳ್ಳಿ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಶೇಂಗಾ ಉಂಡಿ, ತಂಬಿಟ್ಟು. ದಾರಿಯಲ್ಲಿ ಎತ್ತು ಬಿಟ್ಟಲ್ಲೆಲ್ಲ ಗಂಟು ಬಿಚ್ಚುತ್ತಿದ್ದರು, ಮಕ್ಕಳ ಕೈಗೆ ಏನಾದರೂ ಬೀಳುತ್ತಿತ್ತು. ಈಗ ಬುತ್ತಿ ಗಂಟು ಸಣ್ಣದಾಗಿದೆ, ಪ್ಯಾಕೆಟ್ ಮಾಲೆ ದೊಡ್ಡದಾಗಿದೆ. ಹಿಂದಿನವರ ಹೆಸರು ಹೇಳುವವರು ಹಿಂದಿನವರ ಬುತ್ತಿಯನ್ನೂ ಕಟ್ಟಲಿ.

"ಎರಡು ದಿನದ ಮಾತು, ಬಿಡ್ರಿ" ಎಂಬುದು ಮೂರನೆಯದು. ಸಣ್ಣ ಹೊಟ್ಟೆ ಒಮ್ಮೆಗೆ ಹಿಡಿಯುವುದೇ ಕಡಿಮೆ. ಅದಕ್ಕೇ ಒಂಬತ್ತು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಎದೆಹಾಲಿನ ಜೊತೆ ದಿನಕ್ಕೆ 3ರಿಂದ 4 ಸಲ ಊಟ, ನಡುವೆ ಒಂದೆರಡು ಸಲ ತಿಂಡಿ ಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಿಸಿಲು, ಧೂಳು, ಟ್ಯಾಂಕರ್ ನೀರು, ನಿದ್ದೆಗೇಡು ಎಲ್ಲ ಸೇರಿದಾಗ ಎರಡು ದಿನ ಸಣ್ಣ ಕಾಲವೇನಲ್ಲ. ಭೇದಿ ಹತ್ತಿದ ಕೂಸು ಒಂದೇ ದಿನದಲ್ಲಿ ಬಸವಳಿದು ಹೋಗುತ್ತದೆ.

ಇನ್ನು ಗಂಡಸರ ಮಾತು. ಬಿಡಾರದಲ್ಲಿ ಹೆಂಗಸರ ಎರಡೂ ಕೈ ಹಿಟ್ಟಿನಲ್ಲಿ ಇರುತ್ತವೆ. ಅದೇ ಹೊತ್ತಿಗೆ ತಾಡಪತ್ರಿ ನೆರಳಿನಲ್ಲಿ ನಾಲ್ಕು ಜನ ಇಸ್ಪೀಟು ಹಾಕಿರುತ್ತಾರೆ, ಇಬ್ಬರು ಮೊಬೈಲ್ ನೋಡುತ್ತಿರುತ್ತಾರೆ. ಹಸಿದ ಕೂಸು ಅವ್ವನ ಸೆರಗು ಹಿಡಿದು ಉರಿಯುವ ಒಲೆಯ ಪಕ್ಕದಲ್ಲೇ ಸುತ್ತುತ್ತದೆ. ಕುದಿಯುವ ಸಾರಿನ ಪಾತ್ರೆ, ಕಾದ ಎಣ್ಣೆಯ ಬಾಣಲೆ ಮಗುವಿನ ಮೊಣಕೈಗೆ ಒಂದು ಗೇಣು ದೂರ. ಮಕ್ಕಳಿಗೆ ಉಣಿಸುವುದು ಹೆಂಗಸರ ಕೆಲಸ ಅನ್ನುವವರು ಹೋಳಿಗೆ ಲಟ್ಟಿಸಲು ಕೂಡಲಿ. ಅದು ಬರುವುದಿಲ್ಲ ಅಂದರೆ ಮಕ್ಕಳನ್ನು ಒಲೆಯಿಂದ ದೂರ ಕರೆದುಕೊಂಡು ಹೋಗಿ ಉಣಿಸಲಿ. ಎರಡರಲ್ಲಿ ಒಂದು.

ನಾವು ಕೇಳುವುದು ದೊಡ್ಡದೇನಲ್ಲ. ಡೀಸೆಲ್‌ಗೆ, ಕಿರಾಣಿಗೆ ಪಟ್ಟಿ ಎತ್ತುವ ದಿನವೇ ಈ ಮಾತುಗಳನ್ನೂ ಗಟ್ಟಿ ಮಾಡಿಕೊಳ್ಳಿ.

ಮೊದಲನೆಯದು, ಒಲೆ ಹೊತ್ತಿದ ಕೂಡಲೇ ಏರುವ ಮೊದಲ ಪಾತ್ರೆ ಮಕ್ಕಳದು. ಅಕ್ಕಿ, ಹೆಸರುಬೇಳೆ, ಅರಿಷಿಣ, ಉಪ್ಪು ಹಾಕಿ ಕುಕ್ಕರಿನಲ್ಲಿ ಹುಗ್ಗಿ ಇಟ್ಟರೆ ಅರ್ಧ ತಾಸಿನ ಕೆಲಸ. ಮೇಲೆ ಒಂದು ಚಮಚ ತುಪ್ಪ. ಒಂಬತ್ತರೊಳಗೆ ಒಂದು ಊಟ, ಒಂದು ಗಂಟೆಗೆ ಇನ್ನೊಂದು. ದರ್ಶನದ ಪಾಳಿ ಎಷ್ಟೇ ಉದ್ದ ಇರಲಿ, ಈ ಹೊತ್ತು ತಪ್ಪಬಾರದು.

ಎರಡನೆಯದು, ಮಕ್ಕಳ ಊಟಕ್ಕೆ ಒಬ್ಬ ಗಂಡಸಿನ ಹೆಸರು ಬರೆಯಿರಿ. ಉಣಿಸುವ ಮುಂಚೆ ಸಾಬೂನು ಹಚ್ಚಿ ತನ್ನ ಕೈ, ಮಕ್ಕಳ ಕೈ ತೊಳೆಯುವುದು ಅವನ ಜವಾಬ್ದಾರಿ.

ಮೂರನೆಯದು, ಮಾಡಿದ ಅನ್ನ, ಸಾರು ಎರಡು ತಾಸಿಗಿಂತ ಹೆಚ್ಚು ಹೊತ್ತು ಹಾಗೇ ಇಟ್ಟು ಮಕ್ಕಳಿಗೆ ಕೊಡಬೇಡಿ. ಮಧ್ಯಾಹ್ನದ್ದನ್ನು ರಾತ್ರಿಗೆ ಉಣಿಸುವ ಚಟ ಬಿಡಿ. ನಡುವೆ ಹಸಿದರೆ ಬಾಳೆಹಣ್ಣು, ಹಾಲಿನಲ್ಲಿ ನೆನೆಸಿದ ರೊಟ್ಟಿ, ಪುಡಿ ಮಾಡಿದ ಶೇಂಗಾ ಉಂಡಿ ಸಾಕು. ಐದು ವರ್ಷದೊಳಗಿನವರ ಕೈಗೆ ಇಡೀ ಶೇಂಗಾ ಕಾಳು ಕೊಡಬೇಡಿ, ಉಸಿರುನಾಳಕ್ಕೆ ಸಿಕ್ಕಿಕೊಂಡರೆ ಜೀವಕ್ಕೆ ಅಪಾಯ.

ನಾಲ್ಕನೆಯದು, ಕುದಿಸಿ ಆರಿಸಿದ ನೀರಿನ ಕೊಡ ಮಕ್ಕಳಿಗೇ ಬೇರೆ ಇರಲಿ, ಮುಚ್ಚಳ ಇರಲಿ. ಎರಡು ಮೂರು ಓಆರ್‌ಎಸ್ ಪೊಟ್ಟಣ ಕುಂಕುಮ ಭಂಡಾರದ ಚೀಲದಲ್ಲೇ ಇಟ್ಟುಕೊಳ್ಳಿ. ಒಂದು ಲೀಟರಿನ ಪೊಟ್ಟಣವನ್ನು ಸರಿಯಾಗಿ ಒಂದು ಲೀಟರ್ ನೀರಿಗೇ ಕಲಸಬೇಕು, ಲೋಟಕ್ಕೆ ಚೂರು ಚೂರು ಉದುರಿಸುವುದಲ್ಲ. ಭೇದಿ ಆದರೆ ಊಟ ನಿಲ್ಲಿಸಬೇಡಿ, ಎದೆಹಾಲು ನಿಲ್ಲಿಸಬೇಡಿ. ಮಗು ಕುಡಿದದ್ದು ಉಳಿಯದಿದ್ದರೆ, ಮಂಕಾದರೆ ತಡಮಾಡದೆ ಆಸ್ಪತ್ರೆಗೆ ನಡೆಯಿರಿ.

ಜಾತ್ರೆ ನಡೆಸುವವರಿಗೂ ಒಂದು ಮಾತು. ಶಕ್ತಿ ಯೋಜನೆ ಬಂದ ಮೇಲೆ ಒಲೆ, ಕಟ್ಟಿಗೆ ಇಲ್ಲದೆ ಬಸ್ಸಿನಲ್ಲೇ ಕೂಸು ಕಟ್ಟಿಕೊಂಡು ಬರುವ ತಾಯಂದಿರೂ ಇದ್ದಾರೆ. ವಾಹನ ನಿಲ್ಲಿಸಲು ಜಾಗ ಗುರುತು ಮಾಡುವಂತೆ, ಮಕ್ಕಳಿಗೆ ಉಣಿಸಲು ನೆರಳಿರುವ ಜಾಗ, ಬಿಸಿನೀರು, ಕೈ ತೊಳೆಯುವ ನಲ್ಲಿ ಗುರುತು ಮಾಡಿ. ಯಾವ ಜಾತ್ರೆಯಾದರೂ ಇದು ಮೊದಲ ಸೌಲಭ್ಯಗಳಲ್ಲಿ ಒಂದಾಗಬೇಕು.

ಈ ಬರಹ ನಿಮ್ಮ ಊರಿನ ತಂಡದ ಯಜಮಾನರ ಫೋನಿಗೆ ಕಳಿಸಿ. ಟ್ರ್ಯಾಕ್ಟರ್ ಹೊರಡುವ ಮುಂಚೆ ಅವರನ್ನು ಎಲ್ಲರ ಎದುರು ಒಂದೇ ಪ್ರಶ್ನೆ ಕೇಳಿ: "ಯಜಮಾನ್ರೇ, ಮಕ್ಕಳ ಊಟ ಎಷ್ಟು ಗಂಟೆಗೆ? ಉಣಿಸೋರು ಯಾರು?" ಉತ್ತರ ಸಿಗುವ ತನಕ ಟ್ರೇಲರ್ ಹತ್ತಬೇಡಿ.