ವರ್ತಮಾನ ಕಾಲದ ಪ್ರಾರ್ಥನೆ

ದೇವರಿಗೆ ಎಲ್ಲವೂ ಗೊತ್ತು ಎಂದಮೇಲೆ ಅವನ ಮುಂದೆ ಹೃದಯ ಬಿಚ್ಚುವುದೆಂದರೇನು? ಕ್ರೈಸ್ತ ಪ್ರಾರ್ಥನೆಯ ಬುಡದಲ್ಲೇ ಕೂತಿರುವ ಪ್ರಶ್ನೆ ಇದು. ಬೇಡುವ ಮೊದಲೇ ನಮ್ಮ ಅಗತ್ಯ ತಂದೆಗೆ ತಿಳಿದಿರುತ್ತದೆ ಎಂದು ಪರ್ವತಪ್ರಸಂಗದಲ್ಲಿ ಹೇಳಿದ ಯೇಸು, ಅದರ ಬೆನ್ನಿಗೇ ಶಿಷ್ಯರಿಗೆ ಪ್ರಾರ್ಥನೆಯನ್ನೂ ಕಲಿಸಿದ. ಅಂದರೆ ಇದು ಸುದ್ದಿ ಮುಟ್ಟಿಸುವ ಕೆಲಸವಲ್ಲ. ಏದೆನ್ ತೋಟದಲ್ಲಿ ಮರಗಳ ಸಂದಿಯಲ್ಲಿ ಅಡಗಿದ್ದ ಆದಾಮನನ್ನು ಎಲ್ಲಿದ್ದೀ ಎಂದು ದೇವರು ಕೇಳಿದ್ದು ಜಾಗ ಗೊತ್ತಿಲ್ಲದೆ ಅಲ್ಲವಲ್ಲ. ಅಡಗಿದವನು ತಾನಾಗಿ ಹೊರಗೆ ಬರಬೇಕಿತ್ತು.

ಹೊರಗೆ ಬರುವುದು ಎಷ್ಟು ಕಷ್ಟವೆಂದು ಸಂತ ಅಗಸ್ಟೀನನಿಗೆ ಚೆನ್ನಾಗಿ ಗೊತ್ತಿತ್ತು. ಉತ್ತರ ಆಫ್ರಿಕದ ಹಿಪ್ಪೊ ಪಟ್ಟಣದ ಬಿಷಪ್ ಆಗಿದ್ದ ಆತ ಕ್ರಿ.ಶ. 397ರ ಸುಮಾರಿಗೆ ‘ಕನ್ಫೆಷನ್ಸ್’ ಬರೆಯತೊಡಗಿದ. 13 ಭಾಗಗಳ ಆ ಪುಸ್ತಕ ದೇವರನ್ನೇ ಎದುರಿಗೆ ಕೂರಿಸಿಕೊಂಡು ಆಡಿದ ಮಾತು. ಹದಿನಾರರ ಹರೆಯದಲ್ಲಿ ಗೆಳೆಯರೊಡನೆ ಪೇರ್ ಹಣ್ಣು ಕದ್ದು ಹಂದಿಗಳಿಗೆ ಎಸೆದದ್ದು, 386ರಲ್ಲಿ ಮಿಲಾನಿನ ತೋಟದಲ್ಲಿ ಅತ್ತು ಮನಸ್ಸು ತಿರುಗಿದ್ದು, ಇವೆಲ್ಲ ಪ್ರಸಿದ್ಧ. ಬಹಳ ಓದುಗರು ಅಲ್ಲಿಗೇ ಪುಸ್ತಕ ಮುಚ್ಚುತ್ತಾರೆ. ನನಗೆ ಮುಖ್ಯವೆನಿಸುವುದು 10ನೆಯ ಭಾಗ. ಅಲ್ಲಿ ಆತ ಹಿಂದೆ ಏನಾಗಿದ್ದೆ ಎಂಬುದನ್ನು ಬಿಟ್ಟು, ಈಗ ಏನಾಗಿದ್ದೇನೆ ಎಂಬಲ್ಲಿಗೆ ಬರುತ್ತಾನೆ. ಊಟ ಮಾಡುವಾಗ ದೇಹದ ಅಗತ್ಯ ಎಲ್ಲಿ ಮುಗಿದು ನಾಲಿಗೆಯ ಚಪಲ ಎಲ್ಲಿ ಶುರುವಾಯಿತೆಂದು ತಿಳಿಯುವುದಿಲ್ಲ. ಕೀರ್ತನೆ ಕೇಳುವಾಗ ಅರ್ಥಕ್ಕಿಂತ ಗಾಯನವೇ ಹೆಚ್ಚು ಸೆಳೆಯುತ್ತದೆ. ಕನಸಿನಲ್ಲಿ ಹಳೆಯ ಕಾಮ ಮರಳುತ್ತದೆ. ಮನೆಯಲ್ಲಿ ಸುಮ್ಮನೆ ಕೂತಾಗ ಹಲ್ಲಿ ನೊಣ ಹಿಡಿಯುವುದನ್ನು ನೋಡುತ್ತ ಮನಸ್ಸು ಅದರ ಹಿಂದೆಯೇ ಹೋಗಿಬಿಡುತ್ತದೆ. ಹೊಗಳಿಕೆ ಹಿತವೆನಿಸುತ್ತದೆ, ಹೊಗಳಿಕೆಯನ್ನು ಧಿಕ್ಕರಿಸಿದೆನೆಂಬ ಜಂಬವೂ ಒಳಗೊಳಗೇ ಮೊಳೆಯುತ್ತದೆ. ಇದನ್ನು ಬರೆದವನು ಪೀಠದ ಮೇಲಿದ್ದ ಬಿಷಪ್ಪ. ಓದುವವರು ಅವನದೇ ಸಭೆಯವರು, ಜೊತೆಗೆ ಅವನ ತಪ್ಪಿಗಾಗಿ ಕಾದಿದ್ದ ವಿರೋಧಿಗಳು.

ನಮ್ಮ ಪ್ರಾರ್ಥನಾ ಕೂಟಗಳ ಸಾಕ್ಷಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಮೊದಲು ಕುಡುಕನಾಗಿದ್ದೆ, ಕರ್ತನು ಬಿಡಿಸಿದ, ಸ್ತೋತ್ರ. ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಎಷ್ಟೋ ಮನೆಗಳು ಹಾಗೆ ಉಳಿದಿವೆ. ಆದರೆ ಪಾಪವೆಲ್ಲ ಭೂತಕಾಲಕ್ಕೆ ಸೇರಿದಾಗ ಹೇಳುವವನಿಗೆ ಖರ್ಚೇನೂ ಇಲ್ಲ. ನಿನ್ನೆ ರಾತ್ರಿ ಹೆಂಡತಿಯ ಮೇಲೆ ಕೂಗಾಡಿದೆ, ತಮ್ಮನ ಏಳಿಗೆ ಕಂಡರೆ ಹೊಟ್ಟೆಯುರಿಯುತ್ತದೆ, ಎರಡು ತಿಂಗಳಿಂದ ಪ್ರಾರ್ಥನೆ ಬಾಯಿಗೆ ಬರುತ್ತಿಲ್ಲ ಎಂದು ಯಾರೂ ಎದ್ದುನಿಂತು ಹೇಳುವುದಿಲ್ಲ. ಕೂಟದಲ್ಲಿ ಹೇಳಬೇಕೆಂದೂ ಇಲ್ಲ. ತೊಂದರೆಯೆಂದರೆ, ಹತ್ತು ಜನರ ಮುಂದೆ ರೂಢಿಯಾದ ಭೂತಕಾಲವೇ ಏಕಾಂತದ ಪ್ರಾರ್ಥನೆಗೂ ಹೊಕ್ಕು ಕೂರುತ್ತದೆ.

ಬೈಬಲಿನಲ್ಲಿ ಮನಸ್ಸು ತೋಡಿಕೊಂಡವರು ಇಷ್ಟು ಅಚ್ಚುಕಟ್ಟಾಗಿ ಮಾತಾಡಿದವರಲ್ಲ. ಮಕ್ಕಳಿಲ್ಲದ ಹನ್ನ, ವರ್ಷವರ್ಷವೂ ಸವತಿಯ ಚುಚ್ಚುಮಾತು ಕೇಳಿ, ಶೀಲೋವಿನ ದೇವಾಲಯದಲ್ಲಿ ನಿಂತಾಗ ತುಟಿ ಅಲುಗುತ್ತಿತ್ತು, ದನಿ ಹೊರಡುತ್ತಿರಲಿಲ್ಲ. ಬಾಗಿಲ ಬಳಿ ಕೂತಿದ್ದ ಯಾಜಕ ಏಲಿ ಅವಳನ್ನು ಕುಡಿದವಳೆಂದು ಗದರಿದ. ಪ್ರಾರ್ಥನೆಯಲ್ಲೇ ಆಯುಸ್ಸು ಕಳೆದವನಿಗೆ ನಿಜವಾದ ಪ್ರಾರ್ಥನೆ ಗುರುತು ಸಿಗಲಿಲ್ಲ! ಇನ್ನು 88ನೆಯ ಕೀರ್ತನೆ. ದುಃಖದ ಕೀರ್ತನೆಗಳು ಸಾಮಾನ್ಯವಾಗಿ ಕೊನೆಗೆ ಸ್ತುತಿಯ ಕಡೆ ಹೊರಳುತ್ತವೆ. ಇದು ಹೊರಳುವುದೇ ಇಲ್ಲ, ಕತ್ತಲಲ್ಲೇ ಮುಗಿಯುತ್ತದೆ. ಕಥೋಲಿಕ ಸಭೆಯ ನಿತ್ಯಪ್ರಾರ್ಥನೆಯಲ್ಲಿ ಇದು ಶುಕ್ರವಾರ ಮಲಗುವ ಮುಂಚಿನ ಪ್ರಾರ್ಥನೆಗೆ ಸೇರಿದೆ.

ಅದೇ ನಿತ್ಯಪ್ರಾರ್ಥನೆಯನ್ನು ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಪರಿಷ್ಕರಿಸಿದಾಗ 58, 83, 109ನೆಯ ಕೀರ್ತನೆಗಳನ್ನೂ ಬೇರೆ ಕೆಲವು ವಚನಗಳನ್ನೂ ಕೈಬಿಟ್ಟರು. ವೈರಿಗಳಿಗೆ ಹಾಕಿದ ಶಾಪ ಈ ಕಾಲದ ಬಾಯಲ್ಲಿ ಆಡುವಂಥದ್ದಲ್ಲ ಎಂಬ ಅಳುಕು ಅರ್ಥವಾಗುವಂಥದ್ದೇ. ಸಭೆಯಾಗಿ ಕೂಡಿ ಶಾಪ ಹಾಕುವುದು ಅಪಾಯ. ಗುಂಪಿನ ದ್ವೇಷಕ್ಕೆ ದೇವರ ಹೆಸರು ಸಿಕ್ಕರೆ ಏನಾಗುತ್ತದೆಂದು ಚರಿತ್ರೆ ತೋರಿಸಿದೆ. ಆದರೆ ಏಕಾಂತಕ್ಕೆ ಆ ಕೀರ್ತನೆಗಳು ಬೇಕೇ ಬೇಕು ಎಂದು ನನ್ನ ವಾದ. ಸೇಡನ್ನು ದೇವರ ಮುಂದೆ ಬೈದು ಒಪ್ಪಿಸಿದವನು ಅದನ್ನು ತನ್ನ ಕೈಯಿಂದ ಬಿಟ್ಟಿರುತ್ತಾನೆ. ಮುಗುಳ್ನಗುತ್ತ ಕ್ಷಮಿಸಿದೆನೆಂದು ಹೇಳಿ ಎದ್ದವನ ಸೇಡು ಮಾತ್ರ ಜೇಬಿನಲ್ಲೇ ಇರುತ್ತದೆ.

ಇದಕ್ಕೆಲ್ಲ ಒಂದು ಗಟ್ಟಿ ಆಕ್ಷೇಪವಿದೆ, ಅದನ್ನು ಎತ್ತಿದವನು ಸಾಮಾನ್ಯನಲ್ಲ. ಹಿಟ್ಲರನ ಆಡಳಿತದಲ್ಲಿ ಫಿಂಕನ್‌ವಾಲ್ಡೆಯಲ್ಲಿ ಪಾದ್ರಿಗಳಿಗೆ ತರಬೇತಿ ಕೊಡುತ್ತಿದ್ದ ಡೀಟ್ರಿಷ್ ಬೊನ್‌ಹೋಫರ್, 1937ರಲ್ಲಿ ಗೆಸ್ಟಾಪೊ ಆ ಶಾಲೆಯನ್ನು ಮುಚ್ಚಿಸಿದ ಮೇಲೆ, ಅಲ್ಲಿನ ಬದುಕಿನ ಬಗ್ಗೆ ಬರೆದ ಪುಸ್ತಕ 1939ರಲ್ಲಿ ಬಂತು. ಪಾಪವನ್ನು ಸಹೋದರನ ಮುಂದೆ ಹೇಳುವುದಕ್ಕಿಂತ ಪರಿಶುದ್ಧನಾದ ದೇವರ ಮುಂದೆ ಹೇಳುವುದು ನಮಗೇಕೆ ಸುಲಭವಾಗುತ್ತದೆ ಎಂದು ಆತ ಅದರಲ್ಲಿ ಕೇಳುತ್ತಾನೆ. ಬಹುಶಃ ನಾವು ನಮ್ಮೆದುರೇ ತಪ್ಪೊಪ್ಪಿಕೊಂಡು, ನಮಗೆ ನಾವೇ ಕ್ಷಮೆ ಕೊಟ್ಟುಕೊಳ್ಳುತ್ತಿದ್ದೇವೆ ಎಂಬುದು ಅವನ ಅನುಮಾನ.

ಈ ಅನುಮಾನದಿಂದ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಹಾಗೆಂದು ಸಿಕ್ಕಸಿಕ್ಕವರ ಮುಂದೆ ಎಲ್ಲ ಹೇಳಿಕೊಳ್ಳಬೇಕೇ? ಖಂಡಿತ ಬೇಡ. ಕಥೋಲಿಕ ಪಾಪನಿವೇದನೆಯ ಗುಟ್ಟನ್ನು ಗುರು ಪ್ರಾಣ ಹೋದರೂ ಬಿಡಬಾರದೆಂಬ ಕಟ್ಟುನಿಟ್ಟು ಸುಮ್ಮನೆ ಹುಟ್ಟಿದ್ದಲ್ಲ. ಬಿಚ್ಚಿದ ಹೃದಯವನ್ನು ಆಳಲು ಬಳಸುವವರು ಸಭೆಯೊಳಗೂ ಇರುತ್ತಾರೆ. ಆದರೂ ಯೇಸು ಯಜ್ಞವೇದಿಯ ಮುಂದೆ ಕಾಣಿಕೆ ಹಿಡಿದು ನಿಂತವನನ್ನು ನಡುವೆಯೇ ತಡೆದು, ಮುನಿಸಿಕೊಂಡ ಸಹೋದರನ ಬಳಿಗೆ ಮೊದಲು ಅಟ್ಟುತ್ತಾನೆ. ಜಮೀನಿನ ಪಾಲಿನಲ್ಲಿ ಅಣ್ಣನಿಗೆ ಮೋಸ ಮಾಡಿದವನು ಉಪವಾಸ ಪ್ರಾರ್ಥನೆಯಲ್ಲಿ ಎಷ್ಟು ಅತ್ತರೂ, ಅಣ್ಣನ ಮನೆಯ ಮೆಟ್ಟಿಲು ಹತ್ತುವವರೆಗೆ ದೇವರ ಮುಂದೆ ಆತ ಬಿಚ್ಚಿದ್ದು ಅರ್ಧ ಮಾತ್ರ.