ಮುಚ್ಚಿದ ಬಾಗಿಲು ಒಂದೇ

ಅಮೆರಿಕೆಯು 2025ರ ಸೆಪ್ಟೆಂಬರಿನಲ್ಲಿ ಎಚ್-1ಬಿ ಉದ್ಯೋಗವೀಸಾದ ಮೇಲೆ ಒಂದು ಲಕ್ಷ ಡಾಲರುಗಳ ಶುಲ್ಕವನ್ನು ವಿಧಿಸಿದ ಬಳಿಕ ನಾಗನೂರ, ಮೂಡಲಗಿ, ಗೋಕಾಕಗಳ ತರುಣ ಎಂಜಿನಿಯರುಗಳು ಪರದೇಶದ ಯೋಚನೆಯನ್ನೇ ತ್ಯಜಿಸತಕ್ಕದ್ದೆಂದು ಕಳೆದ ಸಂಚಿಕೆಯ ಲೇಖಕರು ಕೊಟ್ಟ ತೀರ್ಪನ್ನು ನಾನು ಒಪ್ಪಲಾರೆ. ಆ ಶುಲ್ಕವು ಮುಖ್ಯವಾಗಿ ಹೊರದೇಶದಲ್ಲಿರುವವರಿಗಾಗಿ ಸಲ್ಲಿಸುವ ಹೊಸ ಅರ್ಜಿಗಳಿಗೆ ಸಂಬಂಧಿಸಿದ್ದೆಂದೂ, ಅಲ್ಲಿಯೇ ವ್ಯಾಸಂಗ ಮುಗಿಸಿ ವಿದ್ಯಾರ್ಥಿವೀಸಾದಿಂದ ಉದ್ಯೋಗವೀಸಾಕ್ಕೆ ಬದಲಾಗುವವರಿಗೆ ಸಾಮಾನ್ಯವಾಗಿ ತಗಲದೆಂದೂ ಅಲ್ಲಿನ ಸರಕಾರವೇ ಮರುತಿಂಗಳು ಸ್ಪಷ್ಟಪಡಿಸಿತು. ಇದನ್ನು ಮರೆಮಾಚಿ ಉಪದೇಶಿಸುವುದು ಅನ್ಯಾಯ.

ಎಚ್-1ಬಿಯಲ್ಲದೆ ಬೇರೆ ದಾರಿಗಳೂ ಇವೆ. ಅಮೆರಿಕನ್ ಸಂಸ್ಥೆಯೊಂದರ ಬೆಂಗಳೂರಿನ ಶಾಖೆಯಲ್ಲಿ ಒಂದು ವರ್ಷ ಸತತವಾಗಿ ದುಡಿದ ವ್ಯವಸ್ಥಾಪಕನನ್ನೋ ವಿಶೇಷಜ್ಞನನ್ನೋ ಅದೇ ಸಂಸ್ಥೆಯು ಕರೆಸಿಕೊಳ್ಳುವ ಎಲ್-1 ವೀಸಾಕ್ಕೆ ಎಚ್-1ಬಿಗಿರುವ 85,000ದ ವಾರ್ಷಿಕ ಮಿತಿಯೂ ಇಲ್ಲ, ಚೀಟಿ ಎತ್ತುವ ಅದೃಷ್ಟಪರೀಕ್ಷೆಯೂ ಇಲ್ಲ. ಆದರೆ ಆ ಸಂಸ್ಥೆಯನ್ನು ಬಿಟ್ಟು ಹೊರಡುವ ಸ್ವಾತಂತ್ರ್ಯವೂ ಅದರಲ್ಲಿಲ್ಲ. ಅಮೆರಿಕೆಯಲ್ಲಿ ಶಾಶ್ವತವಾಸದ ವೀಸಾಗಳಲ್ಲಿ ಒಂದೊಂದು ದೇಶಕ್ಕೆ ಶೇಕಡಾ 7ರ ಮಿತಿಯಿರುವುದರಿಂದ ಭಾರತೀಯನು ಆ ಹಕ್ಕಿಗಾಗಿ ದಶಕಗಳನ್ನು ಕಾಯಬೇಕಾಗಿರುವಾಗ, ಜರ್ಮನಿಯಲ್ಲಿ ಬ್ಲೂ ಕಾರ್ಡ್ ಎಂಬ ಉದ್ಯೋಗಪರವಾನಗಿಯನ್ನು ಪಡೆದು ಅಲ್ಲಿನ ಭಾಷೆಯನ್ನು ಬಿ1 ಎಂಬ ಮಧ್ಯಮ ಮಟ್ಟದವರೆಗೆ ಕಲಿತವನು 21 ತಿಂಗಳಲ್ಲಿಯೇ ಆ ಹಕ್ಕಿಗೆ ಅರ್ಹನಾಗುತ್ತಾನೆ. ಈ ಭೇದವನ್ನು ನಮ್ಮ ಹುಡುಗರು ಕಾಲೇಜಿನಲ್ಲಿರುವಾಗಲೇ ತಿಳಿಯಬೇಕು.

ಪರದೇಶಕ್ಕೆ ಹೋಗಲು ಮಾಡುವ ಸಾಲದ ಕುರಿತು ಆ ಲೇಖಕರಿಗಿರುವ ಭಯವು ಮಾತ್ರ ಯಥಾರ್ಥವಾದುದು. ಎಚ್-1ಬಿ ಅರ್ಜಿಯ ವೆಚ್ಚವು ಉದ್ಯೋಗದಾತನ ಹೊಣೆಯಾಗಿರುವುದರಿಂದ, ಅದರ ಹೆಸರಿನಲ್ಲಿ ಕಬ್ಬಿನ ಬಿಲ್ಲಿನ ಹಣವನ್ನೋ ಹೊಲದ ಅಡಮಾನವನ್ನೋ ಕೇಳುವ ಮಧ್ಯವರ್ತಿಯನ್ನು ನಾಗನೂರಿನ ಯಾವ ತಂದೆಯೂ ಮನೆಯ ಹೊಸ್ತಿಲು ದಾಟಗೊಡಬಾರದು.